ಹತ್ತೊಂಬತ್ತನೆಯ ಕಲಮು

ಪೀಟರ್‌ಹೆಡ್ ಬಂದರಿನ ಬೆನ್ನಿಗಿರುವ ಕಚೇರಿಯಲ್ಲಿ
ಹದಿನಾಲ್ಕು ವರ್ಷ ಖರೀದಿ ಕರಾರು ಬರೆದವಳು ನಾನು.
ಕವಾಟ, ಕೊಳವೆ, ಬೋಲ್ಟು, ಹಗ್ಗ,
ಕಡಲ ನಡುವೆ ಉಕ್ಕಿನ ಕಾಲೂರಿ ನಿಂತ ಆ ಅಟ್ಟಕ್ಕೆ
ಬೇಕಾದ ಬ್ರೆಡ್ಡು, ಸೋಪು, ಶೌಚದ ಕಾಗದ ಕೂಡ
ನನ್ನ ಬೆರಳ ತುದಿಯಿಂದಲೇ ಹೊರಟಿದ್ದು.

ಹತ್ತೊಂಬತ್ತನೆಯ ಕಲಮು ಮಾತ್ರ ಬರೆಯಬೇಕಿರಲಿಲ್ಲ.
ಅದು ಮೊದಲೇ ಇರುತ್ತಿತ್ತು, ಹೊಸ್ತಿಲಿನ ಹಾಗೆ.
ದಾಟುವುದಷ್ಟೇ ಕೆಲಸ.
ನಿಮ್ಮವರು ಸತ್ತರೆ ನಿಮಗೆ, ನಮ್ಮವರು ಸತ್ತರೆ ನಮಗೆ,
ತಪ್ಪು ಯಾರದೇ ಇರಲಿ,
ನಿರ್ಲಕ್ಷ್ಯವೂ ಸೇರಿದಂತೆ.

ಆ ಕೊನೆಯ ಎರಡು ಪದ ಬಿಟ್ಟುಹೋದರೆ
ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ.
ಅದಕ್ಕೇ ಮ್ಯಾನೇಜರ್ ಗೆಡಿಸ್ ಸಹಿಗೆ ಮುಂಚೆ
ಪೆನ್ಸಿಲಿನ ಹಿಂತುದಿಯಿಂದ ಅವನ್ನು ತಟ್ಟಿ ನೋಡುತ್ತಿದ್ದ,
ಸೋರುತ್ತದೋ ಎಂದು ಹೆರಿಂಗ್ ಪೀಪಾಯಿ ತಟ್ಟುವ ಹಾಗೆ.

ಕೆಟ್ಟ ಕಲಮಲ್ಲ, ನಿಜ ಹೇಳುತ್ತೇನೆ.
ಯಾರ ಕೈ ತಪ್ಪಿತೆಂದು ವರ್ಷಗಟ್ಟಲೆ ಜಗ್ಗಾಟವಿಲ್ಲ.
ವಿಮೆಯವರು ಕೊಡುತ್ತಾರೆ, ಮನೆಯ ಸಾಲ ತೀರುತ್ತದೆ,
ಮಕ್ಕಳು ಶಾಲೆ ಬದಲಿಸಬೇಕಾಗುವುದಿಲ್ಲ.
ಹಾಗೆಂದು ನಂಬಿದ್ದೆ.

ಫೆಬ್ರವರಿ. ಮೂರನೆಯ ಅಂತಸ್ತಿನಲ್ಲಿ
ಕೊಳವೆಯ ಒಂದು ಕೀಲು ಬಾಯಿ ಬಿಟ್ಟಿತು.
ಎಂಟು ಬೋಲ್ಟಿನಲ್ಲಿ ಎರಡು ಬೇರೆ ದರ್ಜೆಯವು.
ಒಂದೊಂದಕ್ಕೆ ನಲವತ್ತು ಪೆನ್ಸ್ ಕಡಿಮೆ.
ಆ ಉಳಿತಾಯಕ್ಕೆ ನನಗೊಂದು ಶಹಬ್ಬಾಸ್ ಸಿಕ್ಕಿತ್ತು,
ಕಿಟಕಿಯಲ್ಲಿಡಲು ಒಂದು ಹೂಕುಂಡ.
ಪ್ರಮಾಣಪತ್ರ ಬಂದಿತ್ತು, ಮೊಹರಿತ್ತು.
ಫೈಲಿಗೆ ಹಾಕಿದ್ದೆ.

ಇನ್ನಿಸ್ ಡಥೀ, ಸಾರುವೆ ಕಟ್ಟುವವನು, ಮೂವತ್ತನಾಲ್ಕು.
ಮಂಗಳವಾರ ಅವನ ಕಂಪನಿ ಅವನನ್ನು ಏಜೆನ್ಸಿಗೆ ಬಿಟ್ಟುಕೊಟ್ಟಿತು.
ಬುಧವಾರ ಹೆಲಿಕಾಪ್ಟರ್ ಹತ್ತಿದ.
ಏಜೆನ್ಸಿಯ ಕರಾರಿಗೆ ಸಹಿ ಬಿದ್ದದ್ದು ಶುಕ್ರವಾರ.
ಅವನು ಸತ್ತದ್ದು ಗುರುವಾರ.

ಉದ್ದ ಮೇಜಿನ ಸುತ್ತ ಐವರು ವಕೀಲರು.
ನಿಮ್ಮವನು.
ಕ್ಷಮಿಸಿ, ನಿಮ್ಮವನು.
ನಮ್ಮ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ.
ನಮ್ಮಲ್ಲಿದೆ, ಆದರೆ ಹೊಡೆದುಹಾಕಿದೆ.
ಬಿಸ್ಕತ್ತಿನ ತಟ್ಟೆ ಮಾತ್ರ
ಎಲ್ಲರ ಕೈಯಿಂದ ಎಲ್ಲರ ಕೈಗೂ ದಾಟಿತು.
ನಾನು ಸಭೆಯ ಟಿಪ್ಪಣಿ ಬರೆಯುತ್ತಿದ್ದೆ.

ಅಜ್ಜಿ ಹೇಳುತ್ತಿದ್ದಳು: ಹಾಯಿದೋಣಿಯ ಕಾಲದಲ್ಲಿ
ಒಂದೊಂದು ಊರಿನ ಸ್ವೆಟರಿಗೆ ಒಂದೊಂದು ಹೆಣಿಗೆಯಂತೆ,
ನಮ್ಮದಕ್ಕೆ ಹಗ್ಗದ ತಿರುವು, ಪಕ್ಕದೂರಿಗೆ ಮೀನುಮುಳ್ಳು.
ಕಡಲು ಮುಖ ತಿನ್ನುತ್ತದೆ, ಉಣ್ಣೆ ತಿನ್ನುವುದಿಲ್ಲ.
ಎಲ್ಲೋ ದೂರದ ಮರಳಿಗೆ ಹೆಣ ಬಿದ್ದರೆ
ಹೆಂಗಸರು ಎದೆಯ ಮೇಲೆ ಬೆರಳಾಡಿಸಿ ಓದಿ
ನಮ್ಮವನು ಎನ್ನುತ್ತಿದ್ದರಂತೆ.
ನಿಜವೋ ಕಟ್ಟುಕತೆಯೋ, ಯಾರು ಕಂಡವರು.
ಆ ಮಾತು ಬಂದಾಗ ಮಾತ್ರ ಅಜ್ಜಿ
ಹೆಣೆಯುವ ಕಡ್ಡಿ ಮಡಿಲಿಗಿಡುತ್ತಿದ್ದಳು.

ಏಪ್ರಿಲ್‌ನಲ್ಲಿ ಕರ್ಸ್ಟಿ ಡಥೀ ಬಂದಳು, ಅವನ ಸಾಮಾನಿಗೆ.
ಹೊರಗೆ ಬಂದರನ್ನು ಮಂಜು ನುಂಗಿತ್ತು,
ದೋಣಿಗಳ ಸದ್ದಿತ್ತು, ದೋಣಿಗಳಿರಲಿಲ್ಲ.
ರಸೀದಿಗೆ ರುಜು ಹಾಕುತ್ತಾ ಕೇಳಿದಳು,
ಅವನು ಯಾರ ಕಡೆಯವನು ಅಂತ ತೀರ್ಮಾನ ಆಯ್ತಾ?
ಇಲ್ಲ, ಎಂದೆ. ಮುಂದಿನ ತಿಂಗಳು ವಿಚಾರಣೆ.
ಕಿತ್ತಳೆ ಬಣ್ಣದ ಕೆಲಸದಂಗಿ ಬಿಚ್ಚಿ
ಕಾಲರಿನ ಒಳಮಗ್ಗುಲು ತಿರುಗಿಸಿದಳು.
ಅಲ್ಲಿ ಕೆಂಪು ದಾರದ ಎರಡಕ್ಷರ,
ಸೊಟ್ಟ, ಅವಳದೇ ಹೊಲಿಗೆ.
ಒಗೆಯಲು ಹಾಕಿದಾಗ ಬದಲಾಗಬಾರದು ನೋಡಿ, ಎಂದಳು.
ಹೆಬ್ಬೆರಳು ಅದರ ಮೇಲೇ ನಿಂತಿತ್ತು.
ನಾನು ಒಂದು ಚೀಲ ಹುಡುಕಿಕೊಟ್ಟೆ.

ಮುಂದಿನ ಕರಾರು ಪರದೆಯ ಮೇಲೆ ಕಾಯುತ್ತಿತ್ತು,
ಹತ್ತೊಂಬತ್ತನೆಯದು ತನ್ನ ಜಾಗದಲ್ಲಿ.
ಅದರ ಯಾವ ಸಾಲಿನಲ್ಲೂ ನಾನಿಲ್ಲ,
ನನ್ನ ನಲವತ್ತು ಪೆನ್ಸ್ ಇಲ್ಲ, ಹೂಕುಂಡವಿಲ್ಲ.
ಕಪಾಟಿನಿಂದ ಆ ಪ್ರಮಾಣಪತ್ರ ತೆಗೆದೆ.
ಎರಡು ಪುಟ, ಕೆಳಗೊಂದು ಕೋಷ್ಟಕ.
ಓದಲು ಎರಡು ನಿಮಿಷ ಹಿಡಿಯಿತು.